ಅಡುಗೆಮನೆಗೊಂದು ಕಿಟಕಿ

ಮೀಟರಪ್ಪನಿಗೆ ಬಸ್ಸಿನಲ್ಲಿ ಸೀಟು ಸಿಗದೆ ಎರಡು ವರ್ಷವಾಗಿತ್ತು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಅಳೆದು ಕತ್ತರಿಸುವ ಕೆಲಸ ಅವನದು. ಆ ಹೆಸರು ಅಂಟಿದ್ದೂ ಅಲ್ಲಿಂದಲೇ. ಅವನು ಈ ಬಡಾವಣೆಗೆ ಬಂದಾಗ ಬಸ್ಸು ಅವನ ಮನೆ ಮುಂದಿನಿಂದಲೇ ಹೊರಡುತ್ತಿತ್ತು. ಆಮೇಲೆ ಕಾರ್ಖಾನೆ ಕೆಲಸ ಹುಡುಕಿಕೊಂಡು ಜನ ಬಂದರು, ಬಂದವರ ನೆಂಟರು ಬಂದರು, ನೆಂಟರ ಪಕ್ಕದ ಮನೆಯವರೂ ಬಂದರು. ಊರು ಹಿಟ್ಟಿನ ಹಾಗೆ ಉಬ್ಬಿ, ಕೊನೆಯ ಸ್ಟಾಪು ನಾಲ್ಕು ಮೈಲಿ ಆಚೆಗೆ ಸರಿಯಿತು. ಈಗ ಬಸ್ಸು ಇಲ್ಲಿಗೆ ಬರುವಷ್ಟರಲ್ಲಿ ಹೊಲಿಗೆ ಬಿಟ್ಟ ಮೂಟೆಯಂತಿರುತ್ತಿತ್ತು.

ಆ ಸೋಮವಾರ ಕಾಲು ಸೋತು ಅವನೊಂದು ಉಪಾಯ ಹೂಡಿದ. ಎದುರು ದಿಕ್ಕಿನ ಬಸ್ಸು ಹಿಡಿದು ಕೊನೆಯ ಸ್ಟಾಪಿಗೆ ಹೋಗುವುದು, ಅಲ್ಲಿಂದ ಕೂತು ಬರುವುದು.

"ಅಂಗಡಿ ಆ ಕಡೆ ಅಲ್ವೇನಪ್ಪಾ?" ಎಂದ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್.

ಕಾಲುನೋವು ಎಂದರೆ ಅರ್ಧ ಗಂಟೆ ಮದ್ದು ಹೇಳುವ ಆಸಾಮಿ. "ಒಂದು ಜಾಗ ನೋಡೋಕೆ ಹೊರಟೆ" ಎಂದುಬಿಟ್ಟ ಮೀಟರಪ್ಪ.

"ಜಾಗಾನಾ? ತಡಿ, ಚಪ್ಪಲಿ ಮೆಟ್ಕೊಂಡು ಬರ್ತೀನಿ."

ಚಪ್ಪಲಿಯ ಜೊತೆ ಅವನ ಭಾವಮೈದುನನೂ ಗಿರಣಿಯವನೂ ಬಂದರು. ಕೊನೆಯ ಸ್ಟಾಪಿನಲ್ಲಿ ಛತ್ರಿಯಡಿ ಕೂತಿದ್ದ ಸೈಟು ದಲ್ಲಾಳಿಯನ್ನು ಮೂವರೂ ಬೆಲ್ಲಕ್ಕೆ ಇರುವೆಯಂತೆ ಮುತ್ತಿದರು. ಮೀಟರಪ್ಪ ಮೆಲ್ಲಗೆ ಜಾರಿ, ಖಾಲಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತ. ಕೂತವನಿಗೆ ಎಂಥ ನಿದ್ದೆ ಬಂತೆಂದರೆ, ಅಂಗಡಿ ದಾಟಿ ಊರಿನ ಇನ್ನೊಂದು ತುದಿಯಲ್ಲಿ ಕಂಡಕ್ಟರು ಅಲುಗಾಡಿಸಿ ಎಬ್ಬಿಸಬೇಕಾಯಿತು.

ತಡವಾಗಿ ಬಂದದ್ದಕ್ಕೆ ಮಾಲೀಕ ಬೈಯಲಿಲ್ಲ. ಏಣಿ ತೋರಿಸಿ, "ಮೇಲಿನ ಬಟ್ಟೆ ಥಾನುಗಳನ್ನೆಲ್ಲ ಇಳಿಸಿ ಮತ್ತೆ ಮಡಿಸು" ಎಂದ. ಸಂಜೆವರೆಗೆ ಅದೇ ಆಯಿತು.

ಬಸ್ಸಿನಲ್ಲಿ ಒಂಟಿ ಕಾಲಲ್ಲಿ ಜೋತಾಡುತ್ತ ಮನೆಗೆ ಬಂದರೆ, ಬಾಗಿಲಲ್ಲಿ ಯಾರದೋ ಹಾಸಿಗೆ ಸುರುಳಿಗಳು. ಒಳಗೆ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

"ಒಂದು ಮಾತು ಹೇಳಬಾರದಿತ್ತಾ?" ಎಂದಳು ಬಾಡಿಗೆ ಮನೆಯ ಒಡತಿ. "ಮನೆ ಸಮೇತ ಜಾಗ ತಗೊಂಡ್ರಿ ಅಂತ ಪೋಸ್ಟ್‌ಮ್ಯಾನ್ ಹೇಳಿದ ಮೇಲೇ ಗೊತ್ತಾಗಿದ್ದು. ಪಾಪ, ಇವರು ಆರು ಜನ ಬೆಳಿಗ್ಗೆಯಷ್ಟೇ ಊರಿಂದ ಬಂದು ಮನೆ ಹುಡುಕ್ತಿದ್ರು."

"ನಾನು ಖಾಲಿ ಮಾಡ್ತೀನಿ ಅಂತ ಯಾರು ಹೇಳಿದ್ರು?"

"ನಿಮ್ಮ ಹೆಂಡ್ತೀನೇ ಬೀಗದ ಕೈ ಕೊಟ್ಟಳಲ್ಲ."

ಗೋಡೆಯಾಚೆಯಿಂದ ಪೋಸ್ಟ್‌ಮ್ಯಾನ್ ತಲೆ ಮೂಡಿತು. "ಜಾಣ ಕಣಯ್ಯ ನೀನು, ಮೊದಲೇ ಹಿಡಿದಿಟ್ಟಿದ್ದೀಯ. ಅಲ್ಲಿ ಉಳಿದಿದ್ದನ್ನೆಲ್ಲ ನಾವು ಮೂವರೇ ಬಾಚ್ಕೊಂಡ್ವಿ. ಇನ್ನು ಚೂರು ನೆಲವೂ ಇಲ್ಲ."

ಹೆಂಡತಿ ಜಗಲಿಯ ತುದಿಯಲ್ಲಿ ಪಾತ್ರೆಗಳ ಗಂಟು ತಬ್ಬಿ ಕೂತಿದ್ದಳು. ತಲೆ ಬಾಚಿ, ಮುಖ ತೊಳೆದುಕೊಂಡಿದ್ದಳು. ಹನ್ನೆರಡು ವರ್ಷ ಹೊಗೆಯಲ್ಲಿ ಬೆಂದ ಆ ಮುಖದಲ್ಲಿ ಅವನು ಅಂಥ ನಗು ಕಂಡಿರಲಿಲ್ಲ.

"ನನ್ನ ಹತ್ರಾನೂ ಗುಟ್ಟು ಮಾಡಿದ್ರಲ್ಲ" ಎಂದಳು. "ಹೋಗ್ಲಿ. ಅಡುಗೆಮನೆಗೆ ಕಿಟಕಿ ಇದೆ ತಾನೆ?"

ಮೀಟರಪ್ಪ ಗಂಟನ್ನೆತ್ತಿ ಹೆಗಲ ಮೇಲಿಟ್ಟುಕೊಂಡ.

"ಇದೆ" ಎಂದ. "ದೊಡ್ಡದೇ ಇದೆ."