ನಾದಿನಿಯ ಲೆಕ್ಕ, ನನ್ನ ಹಪ್ಪಳ

ಇವತ್ತು ಹಾಲು ಕಾಯಿಸಿದೆ, ಒಲೆಕಟ್ಟೆ ಒರೆಸಿದೆ, ಇಡ್ಲಿಗೆ ನೆನೆಹಾಕಿದೆ, ನಲವತ್ತು ಉದ್ದಿನ ಹಪ್ಪಳ ಲಟ್ಟಿಸಿ ತಾರಸಿಯಲ್ಲಿ ಒಣಗಲಿಟ್ಟೆ, ಭೌತವಿಜ್ಞಾನಕ್ಕೆ ಎಣ್ಣೆ ಬಳಿದೆ. ಕೊನೆಯದು ಬೇಕೆಂದು ಮಾಡಿದ್ದಲ್ಲ. ಒಂದು ಮಗ್ಗುಲು ಖಾಲಿಯಿರುವ ಕಾಗದವನ್ನು ನಮ್ಮ ಶಿಕಾರಿಪುರದ ಮನೆಯಲ್ಲಿ ಎಸೆಯುವುದಿಲ್ಲ; ಡಬ್ಬಿಯಡಿಗೋ ಹಪ್ಪಳದಡಿಗೋ ಹಾಸುತ್ತೇವೆ. ಹಪ್ಪಳಕ್ಕೆ ಹಾಸಿದ ಬಟ್ಟೆ ಸಾಲದೆ ಕೆಳಗಿಳಿದು ಬಂದಾಗ ಜಗಲಿಯ ಮೇಲೆ ಗೀಚಿದ ಹಾಳೆಗಳು ಕಂಡವು. ಶಾಯಿ ತಾಗಬಾರದೆಂದು ಮಗುಚಿಯೇ ಹಾಸಿದೆ.

ಅವು ನಾದಿನಿ ಸುಮಳ ಮೂರು ತಿಂಗಳ ಲೆಕ್ಕ. ನಾಳೆ ಅವಳ ಗುರುಗಳಿಗೆ ಹೋಗಬೇಕಾದದ್ದು. ಸೊರಬದಲ್ಲಿ ಓದಿದ ಹುಡುಗಿ ಈಗ ಅತಿವಾಹಕತೆಯ ಸಿದ್ಧಾಂತ ಮಾಡುತ್ತಾಳೆ. ಯಂತ್ರವಿಲ್ಲ, ತಂತಿಯಿಲ್ಲ, ಪೆನ್ನು ಹಿಡಿದು ಗೋಡೆ ನೋಡುತ್ತ ಕೂರುವುದು. ಅವಳು ನಮ್ಮಲ್ಲಿಗೆ ಬಂದ ದಿನವೇ ಏನದು ಎಂದು ಕೇಳಿದ್ದೆ.

“ತಂತಿಯೊಳಗೆ ಎಲೆಕ್ಟ್ರಾನು ಒಂಟಿಯಾಗಿ ಗುದ್ದಾಡ್ಕೊಂಡು ಹೋಗುತ್ತೆ ಅತ್ತಿಗೆ. ಕೆಲವು ಲೋಹಾನ ಸಿಕ್ಕಾಪಟ್ಟೆ ತಣ್ಣಗೆ ಮಾಡಿದ್ರೆ ಜೋಡಿಯಾಗ್ತವೆ. ಆಮೇಲೆ ತಡೆಯೇ ಇಲ್ಲ. ಬಳೆಯಂಥದ್ರೊಳಗೆ ಒಂದ್ಸಲ ಹರಿಯೋಕೆ ಬಿಟ್ರೆ, ಬ್ಯಾಟರಿ ಇಲ್ದೆ ವರ್ಷಗಟ್ಟಲೆ ಸುತ್ತುತ್ತೆ.”

“ನಮ್ಮಲ್ಲಿ ಜೋಡಿಯಾದ ಮೇಲೇ ಗುದ್ದಾಟ ಶುರುವಾಗಿದ್ದು” ಎಂದೆ.

“ನಿನ್ನ ಅತ್ತಿಗೆ ಮಾತೂ ಹಂಗೇ ಕಣೆ, ಬ್ಯಾಟರಿ ಬೇಡ” ಎಂದರು ಪೇಪರಿನ ಹಿಂದಿನಿಂದ ನಮ್ಮ ಮನೆಯವರು.

ನಕ್ಕೆವು. ಆದರೆ ಅವತ್ತೆಲ್ಲ ನಾನು ಕೈಬಳೆ ತಿರುಗಿಸಿ ನೋಡಿಕೊಳ್ಳುತ್ತಲೇ ಇದ್ದೆ. ಯಾರೂ ತಳ್ಳದೆ, ಏನೂ ಸವೆಯದೆ, ಸುಮ್ಮನೆ ಸುತ್ತುವುದು! ಎರಡು ಸಲ ಚಟ್ನಿ ರುಬ್ಬಿದರೆ ಮಿಕ್ಸಿ ಬಿಸಿಯಾಗುವುದನ್ನು ಕಂಡವಳಿಗೆ ಮೈ ಜುಮ್ಮೆಂದಿತ್ತು.

“ಅತ್ತಿಗೆ, ನನ್ನ ಹಾಳೆ ಕಂಡ್ರಾ?” ಎಂದು ಮಧ್ಯಾಹ್ನ ಸುಮ ಕೇಳಿದಾಗ ತಾರಸಿ ತೋರಿಸಿದೆ. ಹಪ್ಪಳದ ಎಣ್ಣೆ ಕುಡಿದು ಅಕ್ಷರ ಕದಡಿದ್ದವು. ಸುಮ ಅಳಲಿಲ್ಲ, ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

“ನೀವು ಬಿಸಿಲಿಗೆ ಹಿಡಿದು ಓದಿ, ನಾನು ಬರ್ಕೋತೀನಿ.”

“ನಂಗೆಲ್ಲಿ ಬರುತ್ತೆ ಮಾರಾಯ್ತಿ?”

“ಕಂಡಿದ್ದು ಹೇಳಿ ಸಾಕು.”

ಹೇಳಿದೆ. ತ್ರಿಶೂಲ, ಮೈನಸ್ಸು, ತ್ರಿಕೋನ, ಮಲಗಿದ ಎಂಟು. ಒಂಬತ್ತನೇ ಹಾಳೆಯನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದೆ. “ಮೇಲಿನ ಸಾಲಲ್ಲಿ ತ್ರಿಶೂಲದ ಮುಂದೆ ಮೈನಸ್ಸಿದೆ, ಕೆಳಗಿಲ್ಲ. ಎಣ್ಣೆಗೆ ಹೋಯ್ತೇನೋ.”

ಹಾಳೆ ಕಿತ್ತುಕೊಂಡಳು. ಆ ಮೂಲೆಗೆ ಎಣ್ಣೆ ತಾಗಿರಲೇ ಇಲ್ಲ.

“ನಾನೇ ಬಿಟ್ಟಿದೀನಿ! ಹಿಂಗೇ ಕಳಿಸಿದ್ರೆ ಮರ್ಯಾದೆ ಹೋಗ್ತಿತ್ತು ಮಾರಾಯ್ರೇ!”

ಜೀರಿಗೆಯಷ್ಟೂ ಇಲ್ಲದ ಒಂದು ಗೆರೆಗೆ ಮುಂದಿನ ಪುಟಗಳೆಲ್ಲ ಉರುಳಿದವು. ಸಂಜೆಯೊಳಗೆ ಅವಳು ಹೊಸದಾಗಿ ಕಟ್ಟಿ ನಿಲ್ಲಿಸಿದ್ದನ್ನು ಬೆರಗಾಗಿ ನೋಡಿದೆ.

ಊಟಕ್ಕೆ ಅನ್ನ, ಬೇಳೆಸಾರು, ಅದೇ ಹಪ್ಪಳ. “ಜೋಡಿ ಯಾಕಾಗ್ತವೆ ಅಂತ ಈಗ ಹೇಳ್ತೀನಿ ಕೇಳಿ ಅತ್ತಿಗೆ” ಎಂದು ಊಟವಾದ ಮೇಲೆ ಸುಮ ನನ್ನ ಹಾಸಿಗೆಯ ಮೇಲೆ ಬಂದು ಕೂತಳು. ವಿಜ್ಞಾನಕ್ಕೆ ಮೈನಸ್ಸು ಹುಡುಕಿಕೊಟ್ಟವಳು ಕೇಳದಿದ್ದರೆ ಹೇಗೆ? ದಿಂಬಿಗೊರಗಿ ಹೂಂಗುಟ್ಟಿದೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ನಾನೇ, ಯಾವ ತಡೆಯೂ ಇಲ್ಲದೆ.