ಕಾರಿಗೆ ಕಟ್ಟಿದ ಕೋಟೆ

ಎಷ್ಟೇ ದೊಡ್ಡ ಕಂಪ್ಯೂಟರ್ ಪಂಡಿತನಾಗಿರಲಿ, ಜಗತ್ತಿನ ಯಾವ ಕಳ್ಳನಿಗೂ ನನ್ನ ಹೊಸ ಕಾರನ್ನು ಮುಟ್ಟಲು ಬಿಡುವುದಿಲ್ಲ ಎಂದು ಕಳೆದ ತಿಂಗಳು ಸುರಪುರದ ನಮ್ಮ ಮನೆಯ ಅಂಗಳದಲ್ಲಿ ನಿಂತು ಘೋಷಿಸಿದೆ! ಕೇಳಿಸಿಕೊಂಡವರು ಇಬ್ಬರೇ: ಹೆಂಡತಿ ಮೌನೇಶ್ವರಿ ಮತ್ತು ಪಕ್ಕದ ಮನೆಯ ಆಡು. ಆಡು ತಲೆಯನ್ನಾದರೂ ಆಡಿಸಿತು.

ನಾನು ಬಸಲಿಂಗ, ಭೀಮರಾಯನಗುಡಿಯ ಕಾಲೇಜು ಕಚೇರಿಯಲ್ಲಿ ಗುಮಾಸ್ತ. ಕಾರು ತಂದ ವಾರದಲ್ಲೇ ಫೋನಿನಲ್ಲಿ ಒಂದು ವಿಡಿಯೋ ನೋಡಿ ನೆಮ್ಮದಿ ಕಳೆದುಕೊಂಡೆ. ಈಗಿನ ಕಾರಿನೊಳಗೆ ಹತ್ತಾರು ಸಣ್ಣ ಕಂಪ್ಯೂಟರುಗಳಿರುತ್ತವಂತೆ. ಬ್ರೇಕಿಗೊಂದು, ಬಾಗಿಲಿಗೊಂದು, ಸ್ಟೇರಿಂಗಿಗೊಂದು. ಅವೆಲ್ಲ ವೈರಿನಲ್ಲೇ ಒಳಗೊಳಗೆ ಮಾತಾಡಿಕೊಳ್ಳುತ್ತವಂತೆ. ಫೋನು ಜೋಡಿಸಿ ಹಾಡು ಕೇಳುತ್ತೇವಲ್ಲ, ಆ ಕಿಂಡಿಯಿಂದ ಕಳ್ಳ ನುಸುಳಿದರೆ, ತಾನೂ ಆ ಮಾತುಕತೆಯಲ್ಲಿ ಸೇರಿಕೊಂಡು ಎಲ್ಲೋ ಕೂತು ನಮ್ಮ ಬ್ರೇಕು ಒತ್ತಬಹುದಂತೆ! ಅಂದಿನಿಂದ ರಸ್ತೆಯ ತಗ್ಗಿನಲ್ಲಿ ಕಾರು ಜಿಗಿದರೂ ಯಾವುದೋ ದೇಶದವನ ಕೈವಾಡ ಅನ್ನಿಸುತ್ತಿತ್ತು.

ರಕ್ಷಣೆ ಶುರುವಾಯಿತು. ಕಾರಿನ ಆ್ಯಪಿನ ಪಾಸ್‌ವರ್ಡನ್ನು ದಿನಕ್ಕೊಮ್ಮೆ ಬದಲಿಸಿದೆ. ಕೀಲಿಯನ್ನು ಅಡುಗೆಮನೆಯ ಚಟ್ನಿಪುಡಿಯ ಸ್ಟೀಲ್ ಡಬ್ಬಿಯಲ್ಲಿ ಬಚ್ಚಿಟ್ಟೆ.

"ಏನ್ರಿ, ಸೇಂಗಾ ಹಿಂಡಿ ಡಬ್ಬ್ಯಾಗ ಕಾರಿನ ಕೀಲಿ ಯಾಕ ಅದ?"

"ಡಬ್ಬ್ಯಾಗ ಇಟ್ರ ಕೀಲಿ ಸಿಗ್ನಲ್ ಹೊರಗ ಹೋಗಂಗಿಲ್ಲ. ಕಳ್ಳರಿಗೆ ಸಿಗಂಗಿಲ್ಲ."

"ಕಳ್ಳರಿಗೆ ಬಿಡ್ರಿ, ನನಗ ಹಿಂಡಿ ಸಿಗವಲ್ದು. ಅದ್ನ ಎಲ್ಲಿ ಸುರುವೀರಿ?"

ಅದನ್ನು ಹಾಕಿಟ್ಟಿದ್ದು ಅವಳ ಹೂವಿನ ಬುಟ್ಟಿಯಲ್ಲಿ. ಆ ಸಂಗತಿ ಇಲ್ಲಿ ಬೇಡ.

ಹೀಗಿರುವಾಗ ಬಂತು ಆ ಸೋಮವಾರ. ಮೌನೇಶ್ವರಿ ಹತ್ತು ವರ್ಷದಿಂದ ಗುತ್ತಿಗೆ ಶಿಕ್ಷಕಿ. ಕೊನೆಗೂ ಕಾಯಂ ನೌಕರಿಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಹನ್ನೊಂದು ಗಂಟೆಗೆ ಯಾದಗಿರಿಯಲ್ಲಿ ಮೂಲ ದಾಖಲೆ ತೋರಿಸಬೇಕು. ತಡವಾದರೆ ನೌಕರಿ ಪಟ್ಟಿಯಲ್ಲಿ ಕೆಳಗಿದ್ದವರಿಗೆ ಹೋಗುತ್ತದೆ. ಅವಳು ಬಸ್ಸಿಗೆ ಹೋಗುತ್ತೇನೆಂದಳು. "ಇಂಥಾ ಭದ್ರ ಕಾರು ಇದ್ದಾಗ ಬಸ್ಸ್ಯಾಕ?" ಎಂದು ದಾಖಲೆಗಳ ಫೈಲನ್ನು ನಾನೇ ಡಿಕ್ಕಿಯಲ್ಲಿಟ್ಟೆ.

ಶಹಾಪುರ ದಾಟಿ ಮದೀನಾಬೀಯ ಚಹಾದ ಹೋಟೆಲ್ ಮುಂದೆ ನಿಂತೆವು. ಕಾರು ಬೇವಿನ ಮರದ ಕೆಳಗೆ, ನಾವು ಬೆಂಚಿನ ಮೇಲೆ. ಎರಡು ಗುಟುಕು ಕುಡಿದಿದ್ದೇನೆ, ಬೈಕಿನಲ್ಲಿ ಬಂದವನೊಬ್ಬ ನನ್ನ ಕಾರಿನ ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್ ತೆರೆದ! ಅದೇ ಕ್ಷಣ ನನ್ನ ಫೋನು ಗುಂಯ್‌ಗುಟ್ಟಿತು: 'ಅಪರಿಚಿತ ಫೋನೊಂದು ನಿಮ್ಮ ಕಾರಿಗೆ ಸೇರಲು ಯತ್ನಿಸುತ್ತಿದೆ.'

ಚಹಾ ಪ್ಯಾಂಟಿನ ಮೇಲೆ ಬಿತ್ತು. ಸುಟ್ಟಿದ್ದು ಗೊತ್ತೇ ಆಗಲಿಲ್ಲ. ಆ್ಯಪಿನಲ್ಲಿದ್ದ 'ತುರ್ತು ರಕ್ಷಣೆ' ಎಂಬ ಕೆಂಪು ಗುಂಡಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಕಾರು ಮೂರು ಸಲ ಹಾರ್ನ್ ಹೊಡೆದು, ದೀಪ ಮಿಟುಕಿಸಿ, ನಾಲ್ಕೂ ಬಾಗಿಲು ಬಿಗಿದುಕೊಂಡು ಕಲ್ಲಾಯಿತು.

"ಯಾರಲೇ ನೀ? ಯಾವ ದೇಶದಂವ?" ಎಂದು ಲ್ಯಾಪ್‌ಟಾಪಿನವನ ಮೇಲೆ ಎಗರಿದೆ.

"ಗುರುಮಠಕಲ್ಲಿನಂವರಿ," ಎಂದ ಅವನು ಗಾಬರಿಯಾಗಿ. "ಹತ್ತಿ ಬೀಜ ಮಾರ್ತೀನಿ. ನೆರಳಿಗೆ ಕುಂತೀನ್ರಿ."

ಕೀಲಿ ಒತ್ತಿದರೆ ಬಾಗಿಲು ತೆರೆಯಲಿಲ್ಲ. ಆ್ಯಪು ಪಾಸ್‌ವರ್ಡ್ ಕೇಳಿತು. ಶನಿವಾರದ್ದು ಹಾಕಿದೆ, ಭಾನುವಾರದ್ದು ಹಾಕಿದೆ. ಸೋಮವಾರದ್ದು ನೆನಪಿಗೇ ಬರಲಿಲ್ಲ! ಅಂದಾಜಿಗೆ ಒಂದು ಹಾಕಿದೆ, ಮೂರನೆಯ ತಪ್ಪಿಗೆ ಆ್ಯಪೂ ಬಾಗಿಲು ಹಾಕಿಕೊಂಡಿತು. ಗಂಟೆ ಹತ್ತು.

ಮೌನೇಶ್ವರಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಎದ್ದು ಬಂದು, ಫೈಲು ಸಿಕ್ಕಿಕೊಂಡಿದ್ದ ಡಿಕ್ಕಿಯ ಮೇಲೆ ಕೈ ಇಟ್ಟು ನಿಂತಳು.

"ಕಂಪನಿಗಿ ಫೋನ್ ಹಚ್ರಿ. ಸ್ಪೀಕರ್ ಇಡ್ರಿ," ಎಂದಳು.

ಆ ಕಡೆ ಇಂಪಾದ ದನಿಯ ಹುಡುಗಿ. "ಸರ್, ನಿಮ್ಮ ಕಾರಿನ ಮೇಲೆ ದಾಳಿಯ ಯತ್ನ ನಡೆದಿದೆ."

"ಕೇಳಿದಿಲ್ಲ? ನಾ ಹೇಳಿದ್ದು ಖರೆ ಆತು!" ಎಂದು ಎದೆ ಉಬ್ಬಿಸಿದೆ.

"ದಾಳಿ ಮಾಡಿದ ಫೋನಿನ ಹೆಸರು ಮೌನೇಶ್ವರಿ ಅಂತ ಇದೆ. ಇವರು ನಿಮಗೆ ಗೊತ್ತಾ ಸರ್?"

ನಾನು ಹೆಂಡತಿಯ ಕಡೆ ತಿರುಗಿದೆ. "ಮುಂದ ಹಾದ್ಯಾಗ ಹಾಡು ಕೇಳಬೇಕಂತ ನನ್ನ ಹೊಸಾ ಫೋನ್ ಜೋಡಿಸಾಕತ್ತಿದ್ದೆ," ಎಂದಳು ತಣ್ಣಗೆ.

"ಗೊತ್ತಾ ಸರ್?"

"ಸ್ವಲ್ಪ ಪರಿಚಯ ಅದರಿ," ಎಂದೆ.

"ಸರಿ ಸರ್. ಕಾರು ತೆರೆಯಲು ನೀವೇ ಮಾಲೀಕರೆಂದು ಖಚಿತವಾಗಬೇಕು. ನೀವೇ ಬರೆದಿಟ್ಟ ಗುಟ್ಟಿನ ಪ್ರಶ್ನೆ ಕೇಳುತ್ತೇನೆ. ಮೂರು ಅವಕಾಶ. ತಪ್ಪಾದರೆ ನಮ್ಮವರು ಬಂದು ತೆರೆಯಲು ಮೂರು ದಿನ ಬೇಕು. ಪ್ರಶ್ನೆ: ನೀವು ಅತಿ ಹೆಚ್ಚು ಹೆದರುವ ವ್ಯಕ್ತಿ ಯಾರು?"

ಯಾವ ಕಳ್ಳನಿಗೂ ಹೊಳೆಯಬಾರದೆಂದು ಮೊದಲ ದಿನ ಬರೆದಿಟ್ಟ ಪ್ರಶ್ನೆ ಅದು. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಉತ್ತರವೇ ಒಂದು ಮೊಳ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತಲ್ಲ!

"ನಮ್ಮ ಪ್ರಿನ್ಸಿಪಾಲರು," ಎಂದೆ.

"ತಪ್ಪು ಸರ್."

"ಹಣಮಂತಮ್ಮ. ನಮ್ಮ ಅತ್ತೆ."

"ತಪ್ಪು ಸರ್. ಒಂದೇ ಅವಕಾಶ ಉಳಿದಿದೆ."

"ನಮ್ಮವ್ವ ನಿಮಗೇನ್ ಮಾಡ್ಯಾಳ್ರಿ?" ಎಂದಳು ಮೌನೇಶ್ವರಿ. ಮದೀನಾಬೀ ಸೌಟು ಹಿಡಿದು ಹೊರಗೆ ಬಂದಳು. ಬೀಜದವನು ಲ್ಯಾಪ್‌ಟಾಪ್ ಮುಚ್ಚಿ ಮಜಾ ನೋಡುತ್ತಿದ್ದ. ಗಂಟೆ ಹತ್ತೂಕಾಲು.

ಆಗ ಅವಳ ದನಿ ಇಳಿಯಿತು. "ಹತ್ತು ವರ್ಷ ಕಾದೀನ್ರಿ," ಎಂದಳು. ಡಿಕ್ಕಿಯ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡಿದಳು. ಅದುವರೆಗೆ ನಾನು ಹೆದರಿದ್ದೆಲ್ಲ ಸುಳ್ಳು ಹೆದರಿಕೆ ಅನ್ನಿಸಿತು. ಫೋನಿನ ಹತ್ತಿರ ಬಾಯಿ ಒಯ್ದು ಪಿಸುಗುಟ್ಟಿದೆ.

"ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಸರ್."

"ಮೌನೇಶ್ವರಿ!" ರಸ್ತೆಯಲ್ಲಿ ಹೋಗುತ್ತಿದ್ದ ಕುರಿಗಳೂ ನಿಂತು ನೋಡಿದವು.

"ಸರ್, ನಾನು ಕೇಳಿದ್ದು ದಾಳಿ ಮಾಡಿದವರ ಹೆಸರಲ್ಲ. ನೀವು ಹೆದರುವವರ ಹೆಸರು."

"ಎರಡೂ ಒಬ್ಬಾಕೀನೇ ಅದಾಳ್ ತಾಯಿ!"

ಟಕ್! ನಾಲ್ಕೂ ಬಾಗಿಲು ತೆರೆದುಕೊಂಡವು. ಮದೀನಾಬೀ ನಕ್ಕ ನಗೆಗೆ ಹಾಲು ಉಕ್ಕಿ ಒಲೆ ಆರಿತಂತೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಯಾದಗಿರಿ ಮುಟ್ಟಿದೆವು. ಮಧ್ಯಾಹ್ನ ಫೈಲು ಎದೆಗವಚಿಕೊಂಡು ಹೊರಬಂದವಳ ಮುಖ ಅರಳಿತ್ತು. ದಾಖಲೆಗಳೆಲ್ಲ ಬರೋಬರ್ ಇದ್ದವು. "ಕೊಡ್ರಿ ಇಲ್ಲಿ," ಎಂದು ನನ್ನ ಫೋನು ಇಸಿದುಕೊಂಡು, ಆ್ಯಪಿನಲ್ಲಿ ಮಾಲೀಕರ ಜಾಗಕ್ಕೆ ತನ್ನ ಹೆಸರು ಹಾಕಿ, ನನ್ನನ್ನು 'ಅತಿಥಿ ಚಾಲಕ' ಮಾಡಿದಳು. ಗುಟ್ಟಿನ ಪ್ರಶ್ನೆಯನ್ನೂ ಬದಲಿಸಿ ಓದಿ ಹೇಳಿದಳು: "ನಮ್ಮ ಮನ್ಯಾಗ ಬುದ್ಧಿ ಕಡಿಮಿ ಇದ್ದವ್ರು ಯಾರು?"

ನನ್ನೊಳಗಿನ ರಕ್ಷಣಾ ತಜ್ಞ ಸುಮ್ಮನಿರುತ್ತಾನೆಯೇ? ಗಾಬರಿಯಿಂದ ಕೂಗಿದೆ: "ಏ, ಬ್ಯಾಡ! ಇದರ ಉತ್ತರ ಇಡೀ ಸುರಪುರಕ್ಕ ಗೊತ್ತದ!"