ಬೋಗಿಗೊಂದು ಹಳದಿ ಪಟ್ಟಿ

ಕೆಲವರ ಕೈಗೆ ಸುತ್ತಿಗೆ ಕೊಟ್ಟರೆ ಮೊಳೆ ತಾನಾಗಿಯೇ ಗೋಡೆಯೊಳಕ್ಕೆ ಹೋಗುತ್ತದೆ. ನನ್ನ ಕೈಗೆ ಕೊಟ್ಟರೆ ಮೊಳೆ ಸೊಟ್ಟಗಾಗುತ್ತದೆ, ಗೋಡೆ ಉದುರುತ್ತದೆ, ಹೆಬ್ಬೆರಳು ಊದುತ್ತದೆ, ಕೊನೆಗೆ ಹೆಂಡತಿ ಬಂದು ಕ್ಯಾಲೆಂಡರನ್ನು ಫ್ರಿಜ್ಜಿಗೆ ಒರಗಿಸಿ ಹೋಗುತ್ತಾಳೆ. ಇಂಥ ನಾನು ಆಟದ ರೈಲಿಗೆ ಬಣ್ಣ ಬಳಿಯಲು ಕೂತದ್ದಕ್ಕೆ ಒಂದೇ ಕಾರಣ, ನನ್ನ ಮಾವ. ಹುಬ್ಬಳ್ಳಿಯವರು, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಮಗಳಿಗೆ ರೈಲ್ವೆಯ ಹುಡುಗನನ್ನೇ ತರಬೇಕೆಂದು ಊರೂರು ತಿರುಗಿದವರಿಗೆ ಕೊನೆಗೆ ಸಿಕ್ಕಿದ್ದು ಮೈಸೂರಿನ ನಾನು. ಮೇಲೆ ಹೇಳಿದ ಮೊಳೆಯ ಪ್ರಸಂಗ ಮೊದಲ ಬಾರಿ ನಡೆದದ್ದೂ ಅವರ ಮನೆಯ ಗೋಡೆಯಲ್ಲೇ. ತಮ್ಮ ಹುಟ್ಟುಹಬ್ಬಕ್ಕೆ ಅವರು ತಿರುವನಂತಪುರದ ನಮ್ಮ ಮನೆಗೆ ಬರುತ್ತಾರೆಂದು ತಿಳಿದಾಗ, ಅವರು ಕೆಲಸಕ್ಕೆ ಸೇರಿದ ಕಾಲದ ಬೋಗಿಯನ್ನು ಕೈಯಾರೆ ತಯಾರಿಸಿಕೊಟ್ಟು ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂದು ಹಟ ಹುಟ್ಟಿತು. ಇಟ್ಟಿಗೆ ಕೆಂಪು ಬಣ್ಣ, ಕಿಟಕಿಗಳ ಕೆಳಗೆ ಉದ್ದಕ್ಕೂ ಹಳದಿ ಪಟ್ಟಿ. ಇಷ್ಟೇ ತಾನೇ ಅಂದುಕೊಂಡೆ.

ಗೇಣುದ್ದದ ಪ್ಲಾಸ್ಟಿಕ್ ಬೋಗಿ ತಂದೆ. ತೆಳ್ಳಗೆ ಬಳಿದು, ಒಣಗಿಸಿ, ಮತ್ತೆ ಬಳಿಯಬೇಕು ಎಂದು ವಿಡಿಯೊದವನು ಹೇಳಿದ. ಅವನು ಯಾವ ದೇಶದವನೋ, ನಮ್ಮ ತಿರುವನಂತಪುರದಲ್ಲಿ ಒಗೆದ ಬನಿಯನ್ನೇ ಒಣಗುವುದಿಲ್ಲ. ಒಣಗಿತೇ ಎಂದು ಹೆಬ್ಬೆರಳಿಟ್ಟು ನೋಡಿದೆ. ಒಣಗಿರಲಿಲ್ಲ. ಆಧಾರ್ ಕೇಂದ್ರದಲ್ಲಿ ಎಷ್ಟು ಒತ್ತಿದರೂ ಮೂಡದ ರೇಖೆಗಳೆಲ್ಲ ಬೋಗಿಯ ಮೇಲೆ ಸ್ವಚ್ಛವಾಗಿ ಮೂಡಿದವು. "ಏನ್ರೀ, ಗಾಡಿಗೂ ಆಧಾರ್ ಮಾಡ್ಸಾಕ್ಹತ್ತೀರೇನು?" ಎಂದಳು ಹೆಂಡತಿ. ಉಜ್ಜಿ ತೆಗೆದು ಮತ್ತೆ ಬಳಿದೆ. ಈ ಸಲ ಬಣ್ಣ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ನನ್ನ ಮೇಲೆ ಅನುಮಾನ ಬಂತು.

ಪಟ್ಟಿಯನ್ನು ಕುಂಚದಲ್ಲಿ ಎಳೆಯುವ ಧೈರ್ಯ ಬರಲಿಲ್ಲ. ಅದಕ್ಕೆ ಡೆಕಾಲ್ ಎಂಬುದಿದೆಯಂತೆ. ಚಿಕ್ಕವರಿದ್ದಾಗ ಚೂಯಿಂಗ್ ಗಮ್ ಜೊತೆ ಬರುತ್ತಿದ್ದ ಚಿತ್ರವನ್ನು ಎಂಜಲು ಹಚ್ಚಿ ತೋಳಿಗೆ ಇಳಿಸುತ್ತಿದ್ದೆವಲ್ಲ, ಅದರ ದೊಡ್ಡಣ್ಣ. ಕಾಗದವನ್ನು ನೀರಿನಲ್ಲಿ ನೆನೆಸಿದರೆ ಮೇಲಿನ ಚಿತ್ರ ಜಾರಿ ಬರುತ್ತದೆ, ಬೋಗಿಯ ಮೇಲೆ ಕೂರಿಸಿದರಾಯಿತು. ಎರ್ನಾಕುಲಂನ ಅಂಗಡಿಯೊಂದರಲ್ಲಿ ಮುದ್ರಿಸಿಕೊಡುತ್ತಾರೆಂದು ತಿಳಿದು ಫೋನ್ ಮಾಡಿದೆ. ನನ್ನ ಮಲಯಾಳಂ ವ್ಯಾಕರಣ ಸರಳ. ಕನ್ನಡ ಪದದ ಬಾಲಕ್ಕೆ ಒಂದು 'ಅಂ' ಹಚ್ಚುವುದು: ಪುಸ್ತಕಂ, ಮರಂ, ಸುಖಂ. 'ಅಂ' ಹತ್ತದ ಪದವನ್ನು ಹಾಗೇ ಬಿಡುವುದು. ಪಟ್ಟಿಗೆ ಹತ್ತಲಿಲ್ಲ.

"ಚೇಟ್ಟಾ, ಟ್ರೈನಿಲ್ ಮಞ್ಞ ಪಟ್ಟಿ ವೇಣಂ," ಎಂದೆ. ರೈಲಿನ ಮೇಲೆ ಹಳದಿ ಪಟ್ಟಿ ಬೇಕು ಅಂತ.

"ಪಟ್ಟಿಯೋ? ಟ್ರೈನಿಲೋ?"

"ಅದೇ ಅದೇ. ಪಟ್ಟಿಗೆ ಒಳ್ಳೇ ನೀಳಂ ವೇಣಂ." ಉದ್ದ ಇರಬೇಕು ಅಂತ.

ಅಂಗಡಿಯವರು ಬಹಳ ಮೆತ್ತಗೆ, "ಶರಿ ಸಾರೆ," ಎಂದರು. ಮಲಯಾಳಂ ನನಗೆ ಸಿದ್ಧಿಸಿತೆಂದು ಬೀಗುತ್ತ ಫೋನ್ ಇಟ್ಟೆ.

ಮಾವ ಬರುವ ಹಿಂದಿನ ದಿನ ಪಾರ್ಸೆಲ್ ಬಂತು, ಎರಡು ಬದಿಗೆ ಎರಡು ಡೆಕಾಲ್. ಬಿಳಿ ಕಾಗದದ ಮೇಲೆ ತಿಳಿ ಹಳದಿ ಬಣ್ಣ, ಕಂಡೂ ಕಾಣದ ಹಾಗಿತ್ತು. ಸಾಲದ್ದಕ್ಕೆ ಬೆವರಿಗೆ ಮಸುಕಾಗಿದ್ದ ಕನ್ನಡಕವನ್ನು ತೆಗೆದಿಟ್ಟಿದ್ದೆ. ಅಂದಾಜಿನಲ್ಲೇ ಡೆಕಾಲ್ ನೆನೆಸಿ, ಜಾರಿಸಿ, ಒಂದು ಬದಿಗೆ ಕೂರಿಸಿ, ಮೇಲೆ ವಾರ್ನಿಷ್ ಹೊಡೆದು ಭದ್ರ ಮಾಡಿದೆ. ಅದು ಒಣಗಿದ ಮೇಲೆ ಇನ್ನೊಂದು ಬದಿ ಅಂದುಕೊಂಡೆ. ಸಂಜೆ ಮಗಳು ಸಿರಿ ಶಾಲೆಯಿಂದ ಬಂದಳು. ಇಲ್ಲಿಗೆ ವರ್ಗವಾಗಿ ಬಂದ ಎರಡೇ ವರ್ಷಕ್ಕೆ ಅವಳು ಅರ್ಧ ಮಲಯಾಳಿ.

"ಅಪ್ಪಾ, ಪಟ್ಟಿ!" ಎಂದು ಕಿರುಚಿದಳು.

"ಹೌದು ಪುಟ್ಟಿ, ಪಟ್ಟಿನೇ."

"ಅಲ್ಲಪ್ಪಾ, ಪಟ್ಟಿ!"

"ಅದನ್ನೇ ನಾನೂ ಹೇಳ್ತಿರೋದು."

"ಅಯ್ಯೋ, ಬೌ ಬೌ ಪಟ್ಟಿ!"

ಕನ್ನಡಕ ಒರೆಸಿ ಹಾಕಿಕೊಂಡೆ. ಕಿಟಕಿಗಳ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ಜೋಲು ಕಿವಿ, ಗಿಡ್ಡ ಕಾಲು, ಎತ್ತಿದ ಬಾಲದ ಹಳದಿ ನಾಯಿಯೊಂದು ಮೈಚಾಚಿ ನಿಂತಿತ್ತು. ಮಲಯಾಳಂನಲ್ಲಿ ಪಟ್ಟಿ ಎಂದರೆ ನಾಯಿಯಂತೆ. ಅಂಗಡಿಗೆ ಫೋನ್ ಮಾಡಿ ಕೂಗಾಡಿದರೆ, ಉದ್ದದ ಜಾತಿಯ ನಾಯಿಯನ್ನೇ ಹುಡುಕಲು ತಾವು ಎಷ್ಟು ಕಷ್ಟಪಟ್ಟೆವೆಂದು ಅವರು ನೊಂದುಕೊಂಡರು. ಕೊನೆಗೆ ನಾನೇ ಕ್ಷಮೆ ಕೇಳಬೇಕಾಯಿತು. ಉಗುರಿನಿಂದ ಕಿವಿ ಎಬ್ಬಿಸಲು ಹೋದರೆ ಕೆಂಪು ಬಣ್ಣವೂ ಏಳತೊಡಗಿತು. ಅಳುವುದೊಂದು ಬಾಕಿ. ಭೇಷ್ ಹೋಗಲಿ, ಮಾನ ಉಳಿದರೆ ಸಾಕೆನಿಸಿತು.

ಮರುದಿನ ಮಾವ ಬಂದರು. ನಾಯಿಯಿಲ್ಲದ ಬದಿಯನ್ನು ಮುಂದೆ ಮಾಡಿ ಬೋಗಿ ಕೊಟ್ಟೆ. "ಬಣ್ಣ ಚೊಲೊ ಬಂದೈತಿ," ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆದರೆ ಗಾರ್ಡ್ ಆಗಿದ್ದವರು ಗಾಡಿಯ ಒಂದೇ ಮಗ್ಗುಲು ನೋಡಿ ಹಸಿರು ನಿಶಾನೆ ತೋರಿಸುತ್ತಾರೆಯೇ? ತಿರುಗಿಸಿದರು. ಬಹಳ ಹೊತ್ತು ನೋಡಿದರು.

"ಅಳಿಯಂದ್ರ, ಈ ನಾಯಿದು ಟಿಕೀಟ್ ಐತೇನ್ರಿ?"

ಸಿರಿಯೇ ಬಿಡಿಸಿ ಹೇಳಿದಳು: "ಅಜ್ಜಾ, ಗೆರೆಗೆ ಮಲಯಾಳಂನಲ್ಲಿ ವರ ಅಂತಾರೆ. ಅಪ್ಪಂಗೆ ಗೊತ್ತಿಲ್ಲ. ವರ ಕೇಳೋ ಬದಲು ಪಟ್ಟಿ ಕೇಳಿದ್ರು, ಅವರು ನಾಯಿ ಕೊಟ್ರು."

ಮಾವ ಬೋಗಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ನಿಮ್ಮಪ್ಪನ ನಸೀಬ ಚೊಲೊ ಐತಿ ಬಿಡವಾ. ಪಟ್ಟಿ ಕೇಳಿದಾ, ಪಟ್ಟಿನ ಸಿಕ್ತು. ನಾ ವರ ಕೇಳಿದ್ದೆ."

ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದು ಕೂತಳು. ಮಾವನಿಗೂ ಕಣ್ಣಲ್ಲಿ ನೀರು ಬರುವಷ್ಟು ನಗೆ. ಬೋಗಿಯನ್ನು ಪಂಚೆಯ ತುದಿಯಲ್ಲಿ ಒರೆಸಿ, "ಇದನ್ನ ನಾ ಯಾರಿಗೂ ಕೊಡೂದಿಲ್ಲ, ಭೇಷ್ ಮಾಡೀರಿ," ಎಂದು ತಮ್ಮ ಚೀಲದೊಳಗೆ ಇಟ್ಟುಕೊಂಡರು. ಭೇಷ್! ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ಬೈಸಿಕೊಂಡದ್ದೆಲ್ಲ ಮರೆತು, ಇನ್ನೊಂದು ಬದಿಗೂ ನಾಯಿ ಅಂಟಿಸಿಕೊಡುತ್ತೇನೆಂದು ಬಟ್ಟಲಲ್ಲಿ ನೀರು ತರಲು ಕುಣಿದುಕೊಂಡು ಓಡಿದೆ. ಬಾಲವೊಂದಿರಲಿಲ್ಲ, ಅಷ್ಟೇ.